ಚಿಗುರಿಗೊಂದು ದಿನಚರಿ

ಸುತ್ತಲಿನ ಗಿಡಮರ, ಹಕ್ಕಿ, ಹುಳು, ಮಳೆ, ಬಿಸಿಲುಗಳಲ್ಲಿ ಕಂಡದ್ದನ್ನು ಕಂಡ ದಿನವೇ ತಾರೀಖು, ಹೊತ್ತು ಮತ್ತು ಜಾಗದ ಸಮೇತ ಬರೆದೋ ಚಿತ್ರಿಸಿಯೋ ಇಡುವ ಪುಸ್ತಕಕ್ಕೆ ನಿಸರ್ಗ ದಿನಚರಿ ಎಂದು ಹೆಸರು. ಮನಸ್ಸಿನ ಸುಖದುಃಖಗಳನ್ನು ತೋಡಿಕೊಳ್ಳುವ ಖಾಸಗಿ ದಿನಚರಿಯಾಗಲಿ, ಒಣಗಿದ ಎಲೆಗಳನ್ನು ಅಂಟಿಸಿ ಶಾಲೆಗೆ ಒಪ್ಪಿಸುವ ಸಂಗ್ರಹ ಪುಸ್ತಕವಾಗಲಿ ಇದಲ್ಲ. ಇಲ್ಲಿ ಚಿತ್ರ ಸೊಟ್ಟಗಿದ್ದರೂ ನಡೆಯುತ್ತದೆ, ಕಾಗುಣಿತ ತಪ್ಪಿದರೂ ನಡೆಯುತ್ತದೆ. ತಾರೀಖು ಇಲ್ಲದಿದ್ದರೆ ಮಾತ್ರ ಪುಟಕ್ಕೆ ಬೆಲೆಯಿಲ್ಲ. ಕಳೆದ ವರ್ಷ ಬೇವು ಎಂದು ಹೂಬಿಟ್ಟಿತ್ತು ಎಂಬ ಪ್ರಶ್ನೆಗೆ ದೊಡ್ಡವರ ನೆನಪು ಅಂದಾಜಿನ ಉತ್ತರ ಕೊಟ್ಟೀತು, ಆದರೆ ಹತ್ತು ವರ್ಷದ ಮಗು ಬರೆದಿಟ್ಟ ಒಂದು ಸಾಲು ನಿಖರವಾದ ಉತ್ತರ ಕೊಡುತ್ತದೆ.

ಋತುಮಾನಕ್ಕೆ ತಕ್ಕಂತೆ ಜೀವಿಗಳಲ್ಲಿ ಕಾಣುವ ಬದಲಾವಣೆಗಳ ಕಾಲವನ್ನು ಗುರುತಿಸುವ ಅಧ್ಯಯನವನ್ನು ವಿಜ್ಞಾನದಲ್ಲಿ ಫಿನಾಲಜಿ ಎನ್ನುತ್ತಾರೆ, ಮತ್ತು ಅದರ ಬೇರುಗಳು ಇಂಥ ಮನೆಯ ಪುಸ್ತಕಗಳಲ್ಲೇ ಇವೆ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಜಮೀನುದಾರ ರಾಬರ್ಟ್ ಮಾರ್ಷಮ್ ಎಂಬುವರು 1736ರಲ್ಲಿ ವಸಂತದ ಸೂಚನೆಗಳನ್ನು, ಅಂದರೆ ಮೊದಲ ಹೂವು, ಮೊದಲ ಚಿಗುರು, ವಲಸೆ ಹಕ್ಕಿಯ ಮೊದಲ ಕೂಗು ಮುಂತಾದವನ್ನು ಬರೆದಿಡತೊಡಗಿದರು. ಅವರ ಮನೆತನದವರು ಆ ರೂಢಿಯನ್ನು 1958ರವರೆಗೂ ಮುಂದುವರಿಸಿದ್ದರಿಂದ, ಒಂದು ಮನೆಯ ಅಭ್ಯಾಸವು ಹವಾಮಾನ ಬದಲಾವಣೆಯನ್ನು ಅಭ್ಯಸಿಸುವವರಿಗೆ ಎರಡು ಶತಮಾನಗಳ ದಾಖಲೆಯಾಗಿ ಒದಗಿತು. ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಅವರು ಸ್ನೇಹಿತರೊಬ್ಬರು ಒದಗಿಸಿದ, ಅಂಕಣಗಳಿದ್ದ ಮುದ್ರಿತ ಪುಸ್ತಕವನ್ನು 1768ರಿಂದ ತಾವು ತೀರಿಕೊಂಡ 1793ರವರೆಗೆ ತುಂಬುತ್ತಲೇ ಬಂದರು.

ಕನ್ನಡ ನಾಡಿನಲ್ಲಿ ಇದೇ ಲೆಕ್ಕ ಕಾಗದದ ಮೇಲಿಲ್ಲದೆ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಸುಮಾರು ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂದು ಎಣಿಸಿ, ಆಯಾ ಅವಧಿಯ ಮಳೆಗೆ ಆಯಾ ನಕ್ಷತ್ರದ ಹೆಸರಿಟ್ಟು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಗಾದೆ ಕಟ್ಟಿದ ರೈತರ ಹಿಂದೆ ತಲೆಮಾರುಗಳ ಗಮನವಿದೆ. ಏಪ್ರಿಲ್ ನಡುವೆ ಬರುವ ಅಶ್ವಿನಿ, ತಿಂಗಳ ಕೊನೆಗೆ ಬರುವ ಭರಣಿ, ಇವೆರಡೂ ವಸಂತದ ಮಳೆಗಳೇ ಆದುದರಿಂದ ಮಗುವಿನ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರೂ ಇರುವುದು ತೀರ ಸಹಜ; ಅದನ್ನು ಹೇಳಿಕೊಡಲು ಅಜ್ಜ ಅಜ್ಜಿಯರಿಗಿಂತ ಒಳ್ಳೆಯ ಗುರುಗಳು ಸಿಗಲಾರರು.

ಮಕ್ಕಳೊಂದಿಗೆ ಈ ಕೆಲಸ ಹಿಡಿಯಲು ವಸಂತವೇ ತಕ್ಕ ಕಾಲವೆನ್ನುವುದಕ್ಕೆ ಕಾರಣವಿದೆ. ಹಿಮ ಕರಗಿ ನೆಲ ತೇವವಾದ ಮೇಲೆ ಬರುವ ಯುರೋಪಿನ ವಸಂತದಂತಲ್ಲದೆ ಇಲ್ಲಿನ ವಸಂತವು ನೆಲ ಒಣಗಿ ಬಿಸಿಲು ಏರುತ್ತಿರುವಾಗ, ಮುಂಗಾರಿಗೆ ಇನ್ನೂ ತಿಂಗಳುಗಳಿರುವಾಗಲೇ ಬರುತ್ತದೆ. ಬರಿಯ ಕೊಂಬೆಗಳ ಮುತ್ತುಗ ಫೆಬ್ರವರಿ ಮಾರ್ಚ್‌ನಲ್ಲಿ ಕಿತ್ತಳೆಗೆಂಪು ಹೂ ಹೊರುತ್ತದೆ. ಅರಳಿಯ ತಾಮ್ರದ ಬಣ್ಣದ ಚಿಗುರು ಹಸಿರಾಗುತ್ತ ಹೋಗುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲು ಇಳಿಬೀಳುತ್ತದೆ. ಕಾಫಿ ಸೀಮೆಯಲ್ಲಿ ಹೂಮಳೆ ಬಿದ್ದು ವಾರದಿಂದ ಹತ್ತು ದಿನಗಳೊಳಗೆ ತೋಟವೆಲ್ಲ ಬೆಳ್ಳಗಾಗುವುದರಿಂದ, ಮಳೆಯ ದಿನವನ್ನೂ ಹೂವಿನ ದಿನವನ್ನೂ ಬರೆದುಕೊಂಡ ಕೊಡಗು, ಚಿಕ್ಕಮಗಳೂರುಗಳ ಮಗುವಿಗೆ ಕಾರಣ ಮತ್ತು ಪರಿಣಾಮಗಳ ಮೊದಲ ಪಾಠ ತಾನಾಗಿಯೇ ದೊರೆಯುತ್ತದೆ. ಇವೆಲ್ಲ ನಡೆಯುತ್ತಿರುವಾಗಲೇ ಪರೀಕ್ಷೆ ಮುಗಿದು ಬೇಸಿಗೆ ರಜೆಯೂ ಶುರುವಾಗುತ್ತದೆ.

ಆದರೂ ಕಂಡದ್ದನ್ನೆಲ್ಲ ಬರೆಸಹೊರಟರೆ ಒಂದೇ ವಾರದಲ್ಲಿ ಪುಸ್ತಕ ಮೂಲೆ ಸೇರುವುದು ಖಂಡಿತ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದೇ ಮರವನ್ನು ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಅದೇ ಮರದ ಬಳಿಗೆ ಹೋಗುವುದು ಈ ಕಲೆಯ ತಿರುಳು. ಹಳ್ಳಿಯಲ್ಲೂ ಪೇಟೆಯ ರಸ್ತೆ ಬದಿಯಲ್ಲೂ ಸಿಗುವ ಹೊಂಗೆ ಇದಕ್ಕೆ ಹೇಳಿ ಮಾಡಿಸಿದ ಮರ. ಎಲೆಯುದುರಿದ ಮೇಲೆ ಬರುವ ಅದರ ಚಿಗುರು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಒಂದು ಎಲೆಯೆಂದು ತೋರುವುದು ನಿಜಕ್ಕೂ ಎಲೆಯ ಭಾಗವಾದ ಕಿರುಎಲೆಯೆಂದೂ, ಅಂಥ ಐದೋ ಏಳೋ ಕಿರುಎಲೆಗಳು ಕೂಡಿ ಒಂದು ಎಲೆಯಾಗುತ್ತದೆಂದೂ ಮಗು ಎಣಿಸಿಯೇ ಕಂಡುಕೊಳ್ಳಬಹುದು. ಹೂಬಿಡುವ ದಿನಗಳಲ್ಲಿ ಬೆಳಗ್ಗೆ ಮರದ ಕೆಳಗೆ ಅರಳು ಚೆಲ್ಲಿದಂತೆ ಬಿದ್ದಿರುವ, ಬಿಳಿಯಲ್ಲಿ ನಸುನೇರಳೆ ಬೆರೆತ ಹೂವನ್ನು ಬಿಡಿಸಿ ನೋಡಿದರೆ ಮೇಲೊಂದು ಅಗಲ ಎಸಳು, ಪಕ್ಕಕ್ಕೆರಡು, ಒಳಗೆ ದೋಣಿಯಂತೆ ಕೂಡಿದ ಎರಡು ಸಿಗುತ್ತವೆ. ಅವರೆ, ತೊಗರಿಗಳ ಹೂವಿನಲ್ಲೂ ಇದೇ ಅಚ್ಚು ಕಂಡಾಗ ಅವೆಲ್ಲ ಒಂದೇ ಕುಟುಂಬದವೆಂಬುದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗುವುದಿಲ್ಲ. ಹೊಂಗೆಯ ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟುಗಳು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಮನೆ.

ಬೇಕಾಗುವ ಸಲಕರಣೆ ಅಲ್ಪ: ಗೆರೆಯಿಲ್ಲದ ಹಾಳೆಗಳ ನೋಟ್‌ಪುಸ್ತಕ, ಪೆನ್ಸಿಲು, ಅಳತೆಪಟ್ಟಿ, ಇದ್ದರೆ ಒಂದು ಭೂತಗನ್ನಡಿ. ಚಿತ್ರ ಬರೆಯುವುದನ್ನು ಮೊಬೈಲಿನ ಫೋಟೋಗೆ ಬಿಟ್ಟುಕೊಡಬಾರದು, ಏಕೆಂದರೆ ಎಲೆಯ ಅಂಚನ್ನು ಗೆರೆಯಲ್ಲಿ ಹಿಡಿಯಲು ಹೊರಟ ಕಣ್ಣು ಆ ಅಂಚನ್ನೆಲ್ಲ ಒಮ್ಮೆ ಸುತ್ತಿ ಬರಲೇಬೇಕಾಗುತ್ತದೆ. ಹೂವಿಲ್ಲದ ವಾರ ಹೂವಿಲ್ಲ ಎಂದು ಬರೆಯುವುದೂ ಅಷ್ಟೇ ಮುಖ್ಯ. ಆ ಸಾಲಿಲ್ಲದಿದ್ದರೆ ಮುಂದಿನ ವಾರ ಕಂಡ ಹೂವು ಮೊದಲನೆಯದೋ ಅಲ್ಲವೋ ಎಂದು ಹೇಳಲಾಗದು. ದೊಡ್ಡವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಬಾಯಿ ಕಟ್ಟುವುದು: ಹಕ್ಕಿಯ ಹೆಸರು ತಿಳಿದೊಡನೆ ಮಗು ಅದನ್ನು ನೋಡುವುದನ್ನು ನಿಲ್ಲಿಸಿಬಿಡುವುದುಂಟು, ಆದ್ದರಿಂದ ಮೈಬಣ್ಣ, ಕೊಕ್ಕು, ಕೂತ ರೀತಿಗಳನ್ನು ಮಗು ಬರೆದು ಮುಗಿಸಿದ ಮೇಲೆ ಹೆಸರು ಹೇಳಿದರೆ ಸಾಕು. ಕಪ್ಪು ಕೋಗಿಲೆ ಗಂಡು, ಚುಕ್ಕೆಯ ಕಂದು ಹಕ್ಕಿ ಅದರ ಹೆಣ್ಣು ಎಂಬ ಸಂಗತಿ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಂಡ ಮಗುವಿಗೆ ಕೊಡುವಷ್ಟು ಬೆರಗನ್ನು ಇನ್ನಾರಿಗೂ ಕೊಡಲಾರದು. ಹೊರಗೆ ಹೋಗಲಾಗದ ಮನೆಗಳಲ್ಲಿ ಕುಂಡದ ಕರಿಬೇವಿನ ಗಿಡವೂ ಸಾಕು. ಅದರ ಎಲೆಯ ಮೇಲಿನ ಹಕ್ಕಿಹಿಕ್ಕೆಯಂಥ ಮರಿಹುಳು ಪೊರೆ ಬಿಡುತ್ತ ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗಿ ಹಾರುವ ತನಕ ದಿನಕ್ಕೊಂದು ಪುಟ ತುಂಬುತ್ತದೆ.

ಇಂಥ ಪುಟಗಳು ಮನೆಯ ಗೋಡೆಯಾಚೆಗೂ ಉಪಯೋಗಕ್ಕೆ ಬರುತ್ತವೆ. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಆಶ್ರಯದಲ್ಲಿ 2010ರಿಂದ ನಡೆಯುತ್ತಿರುವ ಸೀಸನ್‌ವಾಚ್ ಯೋಜನೆಯಲ್ಲಿ ದೇಶದ ನಾನಾ ಕಡೆಯ ಶಾಲಾ ಮಕ್ಕಳೂ ನಾಗರಿಕರೂ ತಾವು ಆರಿಸಿಕೊಂಡ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿಗಳು ಇಲ್ಲವೇ ಇಲ್ಲ, ಕೆಲವಿವೆ, ಬಹಳವಿವೆ ಎಂಬ ಮೂರು ಮಾತುಗಳಲ್ಲಿ ದಾಖಲಿಸುತ್ತಾರೆ. ಮೂರೇ ಮಾತುಗಳೆಂಬುದು ಯೋಚಿಸಿ ಮಾಡಿದ ವ್ಯವಸ್ಥೆ, ಏಕೆಂದರೆ ಮರದ ಹೂಗಳನ್ನು ಎಣಿಸಲು ಯಾರಿಗೂ ಆಗದು, ಆದರೆ ಈ ಮೂರರ ನಡುವಿನ ವ್ಯತ್ಯಾಸ ಎಂಟು ವರ್ಷದ ಮಗುವಿಗೂ ತಪ್ಪದೆ ತಿಳಿಯುತ್ತದೆ. ಶಾಲೆಯವರು ಇದನ್ನು ಕೈಗೆತ್ತಿಕೊಂಡಾಗ ಅಂಕ ಕೊಡುವ ಆಸೆಯನ್ನು ಬಿಡಬೇಕು. ಅಂಕಕ್ಕಾಗಿ ಬರೆಯುವ ಮಗು ಕಾಣದ ಹೂವನ್ನೂ ಬರೆದೀತು.

ರಜೆ ಮುಗಿದು ಮುಂಗಾರು ಇಳಿದರೂ ಹೊಂಗೆಯ ಪುಟ ಮುಗಿಯುವುದಿಲ್ಲ. ಏಪ್ರಿಲ್‌ನ ಹೂವು ಕಚ್ಚಿದ ಕಾಯಿ ಬಲಿಯಲು ಹತ್ತು ಹನ್ನೊಂದು ತಿಂಗಳು ಹಿಡಿಯುವುದರಿಂದ, ಚಪ್ಪಟೆಯಾದ, ಸಾಮಾನ್ಯವಾಗಿ ಒಂದೇ ಬೀಜವಿರುವ ಆ ಕಾಯಿಯ ಚಿತ್ರವನ್ನು ಮಗು ಬರೆಯುವ ಹೊತ್ತಿಗೆ ಮರವು ಮತ್ತೆ ಎಲೆಯುದುರಿಸಿ ಚಿಗುರಲು ಅಣಿಯಾಗಿರುತ್ತದೆ.