ನೆಲದಡಿಯ ಕೊಳವೆ, ಗಣಕದ ನಕ್ಷೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬಳಿ ಸ್ಯಾನ್ ಬ್ರೂನೊ ಎಂಬ ಊರಿದೆ. 2010ರ ಸೆಪ್ಟೆಂಬರ್ 9ರ ಸಂಜೆ ಅಲ್ಲಿನ ಬಡಾವಣೆಯೊಂದರ ನೆಲದಡಿಯಲ್ಲಿ ಹಾದುಹೋಗಿದ್ದ 30 ಅಂಗುಲ ವ್ಯಾಸದ ಅನಿಲ ಕೊಳವೆ ಸಿಡಿಯಿತು. 8 ಮಂದಿ ಸತ್ತರು, 38 ಮನೆಗಳು ನಾಶವಾದವು. ಕೊಳವೆಯ ಒಡೆಯರಾದ ಪಿಜಿ ಅಂಡ್ ಇ ಕಂಪನಿಗೆ ಅನಿಲದ ಹರಿವನ್ನು ನಿಲ್ಲಿಸಲು 95 ನಿಮಿಷ ಹಿಡಿಯಿತು! ಸಮೀಪದ ವಾಲ್ವ್‌ಗಳನ್ನು ದೂರದಿಂದಲೇ ಮುಚ್ಚುವ ಏರ್ಪಾಡಿರಲಿಲ್ಲ. ಸಿಬ್ಬಂದಿ ವಾಹನದಲ್ಲಿ ಹೋಗಿ ಕೈಯಿಂದ ತಿರುಗಿಸಬೇಕಾಯಿತು.

ಯಾವ ವಾಲ್ವ್ ಮುಚ್ಚಬೇಕು, ಅದು ಎಲ್ಲಿದೆ, ಮುಚ್ಚಿದರೆ ಯಾವ ಬೀದಿಗೆ, ಯಾವ ಆಸ್ಪತ್ರೆಗೆ ಪೂರೈಕೆ ನಿಲ್ಲುತ್ತದೆ? ಇಂಥ ಪ್ರಶ್ನೆಗಳಿಗೆ ಕ್ಷಣದಲ್ಲಿ ಉತ್ತರ ಕೊಡುವುದೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಿರುವುದಾಗಿ ಊಹಿಸಿಕೊಳ್ಳಿ. ಒಂದರಲ್ಲಿ ರಸ್ತೆ, ಇನ್ನೊಂದರಲ್ಲಿ ಮನೆಗಳು, ಮತ್ತೊಂದರಲ್ಲಿ ಕೊಳವೆ ಮತ್ತು ವಾಲ್ವ್. ಕಾಗದದ ನಕ್ಷೆಗಿಂತ ಇದು ಭಿನ್ನವಾಗುವುದು ಇಲ್ಲಿ: ಪ್ರತಿ ಗೆರೆಯ ಹಿಂದೆಯೂ ಒಂದು ಪಟ್ಟಿ ಇರುತ್ತದೆ. ಕೊಳವೆ ಹೂಳಿದ ವರ್ಷ, ಲೋಹ, ವ್ಯಾಸ, ಬೆಸುಗೆ ಎಲ್ಲವೂ ಅದರಲ್ಲಿರುತ್ತವೆ.

ಆ ಪಟ್ಟಿಯೇ ತಪ್ಪಾಗಿದ್ದರೆ?

ಸ್ಯಾನ್ ಬ್ರೂನೊದಲ್ಲಿ ಆದದ್ದು ಇದೇ. ಸಿಡಿದ ಭಾಗವನ್ನು 1956ರಲ್ಲಿ ಹೂಳಲಾಗಿತ್ತು. ಕಂಪನಿಯ ಜಿಐಎಸ್ ಅದನ್ನು ಬೆಸುಗೆಯಿಲ್ಲದ ಕೊಳವೆ ಎಂದು ತೋರಿಸುತ್ತಿತ್ತು. ಅಷ್ಟು ದಪ್ಪದ ಬೆಸುಗೆಯಿಲ್ಲದ ಕೊಳವೆ ಆ ಕಾಲದಲ್ಲಿ ತಯಾರಾಗುತ್ತಲೇ ಇರಲಿಲ್ಲ! ತನಿಖೆಗೆಂದು ನೆಲದಿಂದ ತೆಗೆದ ಕೊಳವೆಯಲ್ಲಿ ಉದ್ದಕ್ಕೂ ಬೆಸುಗೆ ಇತ್ತು. ಕೆಲವು ತುಂಡುಗಳಲ್ಲಿ ಅದೂ ಹೊರಗಿನಿಂದ ಮಾತ್ರ ಹಾಕಿದ ಅರೆಬರೆ ಬೆಸುಗೆ. ಬೆಸುಗೆಯೇ ಇಲ್ಲವೆಂದ ಮೇಲೆ ಬೆಸುಗೆಯ ದೋಷವನ್ನು ಯಾರು ಹುಡುಕುತ್ತಾರೆ? ಕಂಪನಿ ಆರಿಸಿಕೊಂಡ ಪರೀಕ್ಷೆಯಲ್ಲಿ ಅದು ಪತ್ತೆಯಾಗುವಂತಿರಲಿಲ್ಲ. ಗಣಕದ ಪರದೆಯ ಮೇಲೆ ಸರಿ ಮಾಹಿತಿಯೂ ತಪ್ಪು ಮಾಹಿತಿಯೂ ಒಂದೇ ಬಣ್ಣದ ಗೆರೆಯಾಗಿ ಕಾಣುತ್ತವೆ. ಇದು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಬೆಂಗಳೂರಿನ ಅನೇಕ ಮನೆಗಳಿಗೂ ಈಗ ಅಡುಗೆ ಅನಿಲ ಕೊಳವೆಯಲ್ಲೇ ಬರುತ್ತದೆ. ರಸ್ತೆ ಅಗೆಯುವವರಿಗೂ ನಮ್ಮಲ್ಲಿ ಬಿಡುವಿಲ್ಲ. ಹೊಸ ಕೊಳವೆ ಹಾಕುವಾಗ ಗುಂಡಿ ಮುಚ್ಚುವ ಮೊದಲೇ ಅದರ ಅಕ್ಷಾಂಶ, ರೇಖಾಂಶ, ಆಳಗಳನ್ನು ಅಳೆದು ದಾಖಲಿಸುವುದು ಸುಲಭ, ಖರ್ಚೂ ಕಡಿಮೆ. ಹೂತು ಅರ್ಧ ಶತಮಾನ ಕಳೆದ ಮೇಲೆ ಹುಡುಕುವುದು ಎಷ್ಟು ಕಷ್ಟವೆಂದು ಪಿಜಿ ಅಂಡ್ ಇ ಕಂಡುಕೊಂಡಿತು. 2011ರಲ್ಲಿ ಅದು ತನ್ನ ಹಳೆಯ ಕಡತಗಳ ಪೆಟ್ಟಿಗೆಗಳನ್ನೆಲ್ಲ ಕೌ ಪ್ಯಾಲೆಸ್ ಎಂಬ ಭಾರಿ ಸಭಾಂಗಣಕ್ಕೆ ಸಾಗಿಸಿ, ಹಗಲೂ ರಾತ್ರಿ ಜನರನ್ನು ಕೂರಿಸಿ, ಒಂದೊಂದೇ ಕಾಗದವನ್ನು ಹುಡುಕಿಸಿತು.