ದಮ್ಮು ಹತ್ತಿದಾಗ ಮನಸ್ಸೂ ಕುಗ್ಗುತ್ತದೆ

ಬೀದರ್ ಕಡೆ ಚಳಿ ಬಿತ್ತೆಂದರೆ ‘ದಮ್ಮು’ ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಇದು ಬೀಡಿ ಸೇದುವ ಗಂಡಸರ ಕಾಯಿಲೆ ಮಾತ್ರವಲ್ಲ. ಭಾಲ್ಕಿ, ಔರಾದ್‌ನ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ಒಲೆಯ ಮುಂದೆ ಆಯುಷ್ಯ ಕಳೆದ ಅಜ್ಜಿಯರನ್ನೂ ಅದು ಬಿಡುವುದಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾಗಿ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು, ನಿಜ. ಆದರೆ ಅದಕ್ಕೂ ಮೊದಲು ಹೊಗೆ ಕುಡಿದು ಕೆಟ್ಟ ಶ್ವಾಸಕೋಶ ಮತ್ತೆ ಮೊದಲಿನಂತಾಗದು. ವೈದ್ಯರು ಇದನ್ನು ಸಿಓಪಿಡಿ ಎನ್ನುತ್ತಾರೆ.

ಮನೆಯವರು ಕೆಮ್ಮನ್ನು ಕೇಳಿಸಿಕೊಳ್ಳುತ್ತಾರೆ, ಭಯವನ್ನಲ್ಲ. ಉಸಿರು ಸಿಗದಾಗ ಸಾವೇ ಬಂತೆನಿಸುತ್ತದೆ. ಭಯಕ್ಕೆ ಉಸಿರಾಟ ವೇಗವಾಗುತ್ತದೆ. ಶ್ವಾಸನಾಳ ಕಿರಿದಾಗಿರುವುದರಿಂದ ಒಳಗಿನ ಗಾಳಿ ಪೂರ್ತಿ ಹೊರಬರುವ ಮೊದಲೇ ರೋಗಿ ಮತ್ತೆ ಉಸಿರೆಳೆಯುತ್ತಾಳೆ. ಗಾಳಿ ಒಳಗೇ ಸಿಕ್ಕಿಕೊಂಡು ಎದೆ ಬಿಗಿಯುತ್ತದೆ, ಭಯ ಇನ್ನಷ್ಟು ಏರುತ್ತದೆ. ಸಾಲ್ಬುಟಮಾಲ್ ಇನ್‌ಹೇಲರ್‌ನಿಂದ ಕೆಲವರಿಗೆ ಕೈ ನಡುಗಿ ಎದೆ ಬಡಿದುಕೊಳ್ಳುವುದುಂಟು. ಅದನ್ನೂ ಹೊಸ ಅಪಾಯವೆಂದು ತಿಳಿದು ಹೆದರುವವರಿದ್ದಾರೆ.

ಆಮೇಲೆ ಬರುವುದು ಬೇಸರ. ಮದುವೆಗೆ ಹೋಗುವುದಿಲ್ಲ, ನೆರೆಮನೆಗೂ ಹೋಗುವುದಿಲ್ಲ. ಸಜ್ದಾಗೆ ಬಾಗಿದರೆ ಉಸಿರು ಕಟ್ಟುತ್ತದೆ. ಕುಳಿತು ನಮಾಝ್ ಮಾಡಲು ರೋಗಿಗೆ ಅನುಮತಿಯಿದೆ ಎಂದು ಗೊತ್ತಿದ್ದೂ ಒಳಗೊಳಗೇ ಕೊರಗು. ಓಡಾಟ ನಿಂತಷ್ಟೂ ಕಾಲಿನ ಸ್ನಾಯುಗಳು ಸೊರಗಿ, ಹತ್ತು ಹೆಜ್ಜೆಗೇ ಏದುಸಿರು. ನಿದ್ದೆಯಿಲ್ಲ, ಹಸಿವಿಲ್ಲ, ಔಷಧಿಯೂ ಬೇಡ. ಇದನ್ನು ‘ನಖರಾ’ ಎಂದೋ ‘ಈಮಾನ್ ಕಡಿಮೆ’ ಎಂದೋ ಮನೆಯವರು ಅಂದುಬಿಟ್ಟರೆ ಆಕೆ ಮತ್ತೆ ಬಾಯಿ ತೆರೆಯುವುದಿಲ್ಲ. ಇದು ಖಿನ್ನತೆ ಸಹೋದರಿಯರೇ, ಚಿಕಿತ್ಸೆ ಇರುವ ಕಾಯಿಲೆ. “ಸತ್ತರೆ ಸಾಕು” ಎಂಬ ಮಾತನ್ನಂತೂ ಮುದುಕರ ಗೊಣಗಾಟವೆಂದು ತಳ್ಳಿಹಾಕಬೇಡಿ.

ದಮ್ಮು ಏರಿದಾಗ ಎಲ್ಲರೂ ಸುತ್ತುವರಿದು ಕೂಗಾಡಬಾರದು. ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ, ವೈದ್ಯರು ಬರೆದ ಇನ್‌ಹೇಲರ್ ಕೊಡಿ. ಮೂಗಿನಿಂದ ಉಸಿರೆಳೆದು, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಲು ಹೇಳಿ. ಎದುರು ಕುಳಿತು ನೀವೂ ಹಾಗೆಯೇ ಮಾಡಿ. ತುಟಿ ನೀಲಿಯಾದರೆ, ಮಾತು ಹೊರಡದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಅಂಗಡಿಯ ನಿದ್ದೆ ಮಾತ್ರೆ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಕೆಲವು ಉಸಿರಾಟವನ್ನೇ ಕುಗ್ಗಿಸುತ್ತವೆ.

ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಭಾಲ್ಕಿ, ಔರಾದ್‌ನಿಂದ ಸುಮಾರು 40 ಕಿ.ಮೀ. ಅಷ್ಟು ದೂರ ಬಸ್ಸಿನಲ್ಲಿ ಬಂದು ಕೆಮ್ಮಿನ ಮಾತಷ್ಟೇ ಹೇಳಿ ಮರಳಿದರೆ ಅರ್ಧ ರೋಗ ಉಳಿದೇ ಹೋಯಿತು. ರೋಗಿ ಸಂಕೋಚಪಟ್ಟರೆ ಜೊತೆಗೆ ಹೋದ ಮಗಳೋ ಸೊಸೆಯೋ ಹೇಳಲಿ: ನಿದ್ದೆ ಹೇಗಿದೆ, ಎಷ್ಟು ಅಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು. ಹೋಗಲಾಗದ ದಿನ ಫೋನಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.