ಹಂಪ್ಟಾದಿಂದ ತಂದ ಗಾಳಿ

ಮುಂಬಯಿಯ ದಾದರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಇದೆ. ಪಕ್ಕೆಗಳು ಒಳಕ್ಕೆ ಕುಸಿದು, ನಡು ತಿರುಚಿಕೊಂಡು, ಯಾರೋ ಕೈಯಲ್ಲಿ ಹಿಂಡಿಟ್ಟ ಹಾಗೆ ಕಾಣುತ್ತದೆ. ಯಾರೂ ಹಿಂಡಿಲ್ಲ. ಹಿಮಾಚಲ ಪ್ರದೇಶದ ಹಂಪ್ಟಾ ಘಟ್ಟದ ನೆತ್ತಿಯಲ್ಲಿ, ಸುಮಾರು 4,270 ಮೀಟರ್ ಎತ್ತರದಲ್ಲಿ ನಿಂತು ಅದರ ಕೊನೆಯ ಗುಟುಕು ನೀರು ಕುಡಿದೆ, ಮುಚ್ಚಳ ಬಿಗಿದೆ, ಚೀಲಕ್ಕೆ ಹಾಕಿದೆ. ಆಮೇಲೆ ತೆಗೆದೇ ಇಲ್ಲ. ಮನಾಲಿ ತಲುಪುವ ಹೊತ್ತಿಗೆ ಬಾಟಲಿಯ ಕೆನ್ನೆ ಗುಳಿಬಿದ್ದಿತ್ತು. ಬಸ್ಸು, ರೈಲು ಇಳಿದು ಮನೆಗೆ ಬಂದು ಚೀಲ ಬಿಚ್ಚಿದಾಗ ಈ ಸ್ಥಿತಿಗೆ ಬಂದಿತ್ತು.

ಬಾಟಲಿಯೊಳಗಿರುವುದು ಘಟ್ಟದ ಮೇಲಿನ ಗಾಳಿ, ಹೊರಗಿರುವುದು ದಾದರಿನದು. ಸಮುದ್ರಮಟ್ಟದಲ್ಲಿ ನಮ್ಮ ತಲೆಯ ಮೇಲಿನ ವಾಯುಮಂಡಲದ ಒತ್ತಡ ಪಾದರಸದ ಕಂಬವನ್ನು 760 ಮಿಲಿಮೀಟರ್ ಎತ್ತಿ ಹಿಡಿಯುತ್ತದೆ. ಹಂಪ್ಟಾದ ಮೇಲೆ ಅದು 450ರ ಆಸುಪಾಸಿಗೆ ಇಳಿದಿರುತ್ತದೆ. ಅಲ್ಲಿ ಒಂದು ಲೀಟರ್ ಜಾಗವನ್ನು ಆರಾಮವಾಗಿ ತುಂಬಿದ್ದ ಗಾಳಿ ಇಲ್ಲಿನ ಒತ್ತಡಕ್ಕೆ ಸಿಕ್ಕಿ, ಇಲ್ಲಿನ ಸೆಕೆಗೆ ಕೊಂಚ ಹಿಗ್ಗಿದರೂ, ಸುಮಾರು 650 ಮಿಲಿಲೀಟರಿನಷ್ಟು ಜಾಗದಲ್ಲೇ ಅಡಗಿಬಿಡುತ್ತದೆ. ಪ್ಲಾಸ್ಟಿಕ್ಕು ಆ ಲೆಕ್ಕಕ್ಕೆ ತಕ್ಕಂತೆ ಮಡಚಿಕೊಂಡಿದೆ. ಬೆಟ್ಟದ ಬುಡದಲ್ಲೂ ತುದಿಯಲ್ಲೂ ಪಾದರಸದ ಕಂಬ ಬೇರೆ ಬೇರೆ ಎತ್ತರಕ್ಕೆ ನಿಲ್ಲುತ್ತದೆಂದು 1648ರಲ್ಲಿ ಫ್ರಾನ್ಸಿನಲ್ಲಿ ಪಾಸ್ಕಲ್ ತನ್ನ ಭಾವನನ್ನು ಬೆಟ್ಟ ಹತ್ತಿಸಿ ತೋರಿಸಿಕೊಟ್ಟಿದ್ದ. ಅದೇ ಪಾಠವನ್ನು ನನಗೆ ನೀರಿನ ಬಾಟಲಿ ಹೇಳಿತು.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ ಎನ್ನುತ್ತೇವೆ. ಮಾತು ಅರ್ಧ ಸರಿ. ನೂರು ಪಾಲು ಗಾಳಿಯಲ್ಲಿ ಆಮ್ಲಜನಕದ್ದು 21 ಪಾಲು. ಈ ಅನುಪಾತ ದಾದರಿನಲ್ಲೂ ಹಂಪ್ಟಾದಲ್ಲೂ ಒಂದೇ. ವ್ಯತ್ಯಾಸವಾಗುವುದು ಗಾಳಿಯ ದಟ್ಟಣೆ. ಒಂದು ಉಸಿರಿಗೆ ಅರ್ಧ ಲೀಟರ್ ಎಳೆದುಕೊಂಡರೆ ಎರಡೂ ಕಡೆ ಎದೆ ಅಷ್ಟೇ ಉಬ್ಬುತ್ತದೆ, ಆದರೆ ಮೇಲೆ ಆ ಅರ್ಧ ಲೀಟರಿನೊಳಗಿನ ಸರಕು ಕಡಿಮೆ. ಅದರ ಮೇಲೆ ಇನ್ನೊಂದು ಕಡಿತವಿದೆ. ಎಳೆದ ಗಾಳಿ ಶ್ವಾಸಕೋಶ ಮುಟ್ಟುವ ಮುನ್ನ ದೇಹ ಅದನ್ನು ನೀರಾವಿಯಿಂದ ಒದ್ದೆ ಮಾಡುತ್ತದೆ. ಆ ಆವಿ ಎಲ್ಲಿದ್ದರೂ 47 ಮಿಲಿಮೀಟರಿನಷ್ಟು ಒತ್ತಡದ ಪಾಲನ್ನು ಕೇಳುತ್ತದೆ. 760ರಲ್ಲಿ 47 ಹೋದರೆ ಗೊತ್ತಾಗುವುದಿಲ್ಲ. 450ರಲ್ಲಿ ಹೋದರೆ ಗೊತ್ತಾಗುತ್ತದೆ. ಎಲ್ಲ ಕಳೆದ ಮೇಲೆ, ಘಟ್ಟದ ಮೇಲೆ ಒಂದೊಂದು ಉಸಿರಿಗೂ ದಕ್ಕುವ ಆಮ್ಲಜನಕ ದಾದರಿನಲ್ಲಿ ದಕ್ಕುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ನಾನು ಹೆಬ್ರಿಯ ಕಡೆಯವಳು, ಆಗುಂಬೆ ಘಟ್ಟದ ಬುಡದವಳು. ನಮ್ಮಲ್ಲಿ ಜನರಲ್ಲಿ ಎರಡೇ ಬಗೆ: ಘಟ್ಟದ ಕೆಳಗಿನವರು, ಘಟ್ಟದ ಮೇಲಿನವರು. ಅಜ್ಜಿಗೆ ತೀರ್ಥಹಳ್ಳಿ ಬೇರೆಯೇ ಲೋಕ. ಅಲ್ಲಿಂದ ಬಂದ ಸೊಸೆಯನ್ನು ಕೊನೆಯವರೆಗೂ ‘ಘಟ್ಟದ ಮೇಲಿನ ಹೆಣ್ಣು’ ಎಂದೇ ಕರೆದರು. ಪಾಸ್ ಎಂಬ ಮಾತಿಗೆ ಪುಸ್ತಕದ ಕನ್ನಡ ‘ಕಣಿವೆ’ ಎನ್ನುತ್ತದೆ. ನನಗೆ ಅದು ಒಪ್ಪುವುದಿಲ್ಲ. ಒಂದು ಕಡೆಯಿಂದ ಹತ್ತಿ, ನೆತ್ತಿಯಲ್ಲಿ ಲೋಕ ಬದಲಾಗಿ, ಇನ್ನೊಂದು ಕಡೆ ಇಳಿಯುವುದಕ್ಕೆ ನಮ್ಮಲ್ಲಿ ಇರುವ ಮಾತು ಘಟ್ಟ. ಕುಲ್ಲುವಿನ ಜನ ಅದನ್ನೇ ‘ಜೋತ್’ ಎನ್ನುತ್ತಾರೆ.

ದಾದರಿಗೆ ಬಂದ ಮೇಲೆ ಬೆಟ್ಟದ ಹುಚ್ಚು ಹಿಡಿದದ್ದು ಸಹ್ಯಾದ್ರಿಯಿಂದ. ಶನಿವಾರ ರಾತ್ರಿ ದಾದರಿನ ಸೆಂಟ್ರಲ್ ಬದಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಕರ್ಜತ್‌ನದೋ ಕಸಾರಾದ್ದೋ ಕೊನೆಯ ಲೋಕಲ್ಲಿಗೆ ಕಾಯುತ್ತಿರುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯನ್ನು ಮೂರು ಸಲ ಹತ್ತಿದ್ದೇನೆ. ವಾರದ ದಿನಗಳಲ್ಲಿ ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಬೆಳಿಗ್ಗೆ ಬಿರುಸು ನಡಿಗೆ, ಸಂಜೆ ಚೀಲಕ್ಕೆ ಎಂಟು ಲೀಟರ್ ನೀರು ತುಂಬಿಕೊಂಡು ಕಟ್ಟಡದ ಮೆಟ್ಟಿಲು. ಹಂಪ್ಟಾಕ್ಕೆ ಇಷ್ಟು ಸಾಕು ಅಂದುಕೊಂಡಿದ್ದೆ.

ತಯಾರಿ ಬೇಕಾದದ್ದೇ. ಕಾಲಿಗೆ, ಮಂಡಿಗೆ, ಹೃದಯಕ್ಕೆ ಅದರ ಉಪಕಾರ ದೊಡ್ಡದು. ಆದರೆ ಕಳಸೂಬಾಯಿಯ ಎತ್ತರ 1,646 ಮೀಟರ್. ಮನಾಲಿಯ ಪೇಟೆಬೀದಿ, ಅಂದರೆ ಚಾರಣ ಇನ್ನೂ ಶುರುವಾಗದ ಜಾಗ, 2,050 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಆ ಪೇಟೆಗಿಂತ ತಗ್ಗಿನಲ್ಲಿದೆ. ಸಹ್ಯಾದ್ರಿಯಲ್ಲಿ ಎಷ್ಟೇ ಪಳಗಿದರೂ ತೆಳುಗಾಳಿಯ ಅಭ್ಯಾಸ ಆಗುವುದಿಲ್ಲ, ಏಕೆಂದರೆ ಸಹ್ಯಾದ್ರಿಯಲ್ಲಿ ತೆಳುಗಾಳಿಯೇ ಇಲ್ಲ. ಓಟದಲ್ಲಿ ಪದಕ ಗೆದ್ದವರೂ ಎತ್ತರದಲ್ಲಿ ಮಲಗಿಬಿಡುವುದುಂಟು. ಗಟ್ಟಿ ಕಾಲಿನವರು ಬೇಗ ಬೇಗ ಹತ್ತಿ ಬೇಗ ಕಾಯಿಲೆ ತಂದುಕೊಳ್ಳುವುದೂ ಉಂಟು.

ಮನಾಲಿಯಿಂದ ಜೀಪಿನಲ್ಲಿ ಜೋಬ್ರಾ, ಅಲ್ಲಿಂದ ನಡೆದು ಸುಮಾರು 3,100 ಮೀಟರಿನ ಚಿಕಾ, ಮರುದಿನ 3,600 ದಾಟಿದ ಬಾಲು ಕಾ ಘೇರಾ, ಮೂರನೆಯ ದಿನ ಘಟ್ಟ ದಾಟಿ 3,900ರ ಶಿಯಾ ಗೋರು, ನಾಲ್ಕನೆಯ ದಿನ ಚಂದ್ರಾ ನದಿಯ ದಡದ ಛತ್ರುವಿಗೆ ಇಳಿತ. ದಿನಕ್ಕೆ ಐದಾರು ಗಂಟೆ ನಡಿಗೆ, ಮಧ್ಯಾಹ್ನಕ್ಕೆ ಡೇರೆ. ಜೊತೆಗೆ ಬಂದಿದ್ದ ಮಾಹಿಮಿನ ಗೆಳತಿಗೆ ಇದೇ ಬೇಸರ. ‘ಇನ್ನೂ ಬಿಸಿಲಿದೆ, ಕಾಲೂ ದಣಿದಿಲ್ಲ, ಎರಡು ದಿನದ ದಾರಿಯನ್ನು ಒಂದೇ ದಿನ ನಡೆಯಬಾರದೇಕೆ?’ ಎಂದು ಮಾರ್ಗದರ್ಶಿಯನ್ನು ಕೇಳಿದಳು. ಅವನು ಕುಲ್ಲುವಿನ ಹುಡುಗ. ‘ದೀದಿ, ಕಾಲು ಬಂದಿದೆ, ನೀವು ಇನ್ನೂ ಬಂದಿಲ್ಲ’ ಅಂದ. ಈ ಲೇಖನ ಬರೆಯಲು ಕೂತದ್ದೇ ಆ ಮಾತು ಎಷ್ಟು ನಿಜ ಎಂದು ಹೇಳುವುದಕ್ಕೆ.

ನಮ್ಮ ಕತ್ತಿನ ಎರಡೂ ಬದಿ, ಮಿದುಳಿಗೆ ರಕ್ತ ಒಯ್ಯುವ ಧಮನಿ ಕವಲೊಡೆಯುವ ಕಡೆ, ಅಕ್ಕಿಕಾಳಿನಷ್ಟು ಚಿಕ್ಕ ಒಂದೊಂದು ಅಂಗವಿದೆ. ಹೆಸರು ಕೆರೋಟಿಡ್ ಕಾಯ. ಹಾದುಹೋಗುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಸದಾ ನೋಡುತ್ತಿರುವುದೇ ಅದರ ಕೆಲಸ. ಕಡಿಮೆ ಕಂಡ ತಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಉಸಿರಾಟ ಜೋರಾಗುತ್ತದೆ. ಇದಕ್ಕೆ ನಿಮಿಷಗಳು ಸಾಕು. ಇಷ್ಟಕ್ಕೇ ಮುಗಿದಿದ್ದರೆ ಯಾರೂ ದಿನಗಟ್ಟಲೆ ಕಾಯಬೇಕಿರಲಿಲ್ಲ.

ತೊಡಕು ಬರುವುದು ಆಮೇಲೆ. ಉಸಿರು ಜೋರಾದಾಗ ಆಮ್ಲಜನಕ ಒಳಗೆ ಬರುವುದರ ಜೊತೆಗೆ ಇಂಗಾಲದ ಡೈ ಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ. ರಕ್ತದಲ್ಲಿ ಅದು ಆಮ್ಲದ ಪಾತ್ರ ವಹಿಸುವ ವಸ್ತು. ಅದು ಇಳಿದರೆ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಮಿದುಳು ಇದನ್ನು ಸಹಿಸದೆ ‘ಉಸಿರು ನಿಧಾನಿಸು’ ಎಂದು ಅಪ್ಪಣೆ ಕೊಡುತ್ತದೆ. ಕತ್ತಿನಿಂದ ಬರುವ ಕೂಗು ‘ಇನ್ನೂ ಉಸಿರಾಡು’ ಎಂದು, ಮಿದುಳಿನ ಬುಡದಿಂದ ಬರುವುದು ‘ಸಾಕು ಮಾಡು’ ಎಂದು. ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ರಕ್ತದಲ್ಲಿನ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಮೂತ್ರದ ಜೊತೆ ಹೊರಗೆ ಹಾಕಿ ಸಮತೋಲ ತರುತ್ತದೆ, ಉಸಿರಾಟಕ್ಕೆ ಹಾಕಿದ್ದ ತಡೆ ಸಡಿಲವಾಗುತ್ತದೆ. ಮೂತ್ರಪಿಂಡ ಆತುರದ ಅಂಗವಲ್ಲ. ಕೆಲವು ಗಂಟೆಗಳಲ್ಲಿ ಕೆಲಸ ಶುರುಮಾಡಿ, ಒಂದು ಹಂತಕ್ಕೆ ತರಲು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಡೇರೆಯಲ್ಲಿ ರಾತ್ರಿ ಎರಡು ಮೂರು ಸಲ ಎದ್ದು ಚಳಿಯಲ್ಲಿ ಹೊರಗೆ ಹೋಗಬೇಕಾದಾಗ ಬೈದುಕೊಳ್ಳುತ್ತೇವೆ. ಅದು ಒಳ್ಳೆಯ ಲಕ್ಷಣ.

ರಾತ್ರಿ ಇನ್ನೊಂದು ಗಾಬರಿ. ಬಾಲು ಕಾ ಘೇರಾದಲ್ಲಿ ಎಚ್ಚರವಾದಾಗ ಪಕ್ಕದಲ್ಲಿ ಮಲಗಿದ್ದ ಗೆಳತಿಯ ಉಸಿರು ನಿಂತೇಹೋಗಿತ್ತು. ಎಣಿಸಿದೆ, ಹತ್ತರವರೆಗೆ. ಭುಜ ಅಲುಗಾಡಿಸಬೇಕೆನ್ನುವಷ್ಟರಲ್ಲಿ ದೊಡ್ಡದಾಗಿ ಉಸಿರೆಳೆದು, ನಾಲ್ಕಾರು ಸಲ ಏದುಸಿರು ಬಿಟ್ಟು, ಮತ್ತೆ ಮೌನ. ಅದೇ ಜಗಳ ನಿದ್ದೆಯಲ್ಲಿ ನಡೆದಾಗ ಹೀಗಾಗುತ್ತದೆ: ಇಂಗಾಲದ ಡೈ ಆಕ್ಸೈಡ್ ಇಳಿದು ಉಸಿರಿಗೆ ಪ್ರೇರಣೆ ತಪ್ಪುತ್ತದೆ, ಆಮ್ಲಜನಕ ಕುಸಿದಾಗ ಕತ್ತಿನ ಕಾವಲುಗಾರ ತಟ್ಟಿ ಎಬ್ಬಿಸುತ್ತಾನೆ. ಎತ್ತರದಲ್ಲಿ ಇದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಇದೊಂದೇ ಆದರೆ ಭಯಪಡಬೇಕಿಲ್ಲ.

ಆಕೆಗೆ ಇದೊಂದೇ ಆಗಿರಲಿಲ್ಲ. ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದಳು. ಚಹಾ ಕುಡಿದದ್ದೂ ವಾಂತಿಯಾಯಿತು. ನಾನು ಮನಾಲಿಯಲ್ಲಿ ಎರಡು ರಾತ್ರಿ ಕಳೆದು ಬಂದಿದ್ದೆ. ಆಕೆಗೆ ಸಿಕ್ಕಿದ್ದು ಐದೇ ದಿನದ ರಜೆ. ಹೊರಡುವ ಹಿಂದಿನ ದಿನದವರೆಗೂ ಕಚೇರಿಯಲ್ಲಿದ್ದು, ವಿಮಾನದಲ್ಲಿ ಚಂಡೀಗಢಕ್ಕೆ ಹಾರಿ, ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ನೇರ ಜೋಬ್ರಾದ ಜೀಪು ಹತ್ತಿದ್ದಳು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಾಗ ನನ್ನದು ಶೇಕಡ 88, ಅವಳದು 79. ಸಂಖ್ಯೆಯೊಂದನ್ನೇ ನಂಬಿ ತೀರ್ಮಾನಿಸಬಾರದು, ತಣ್ಣಗಿನ ಬೆರಳು ಯಂತ್ರಕ್ಕೆ ಸುಳ್ಳು ಹೇಳಿಸುತ್ತದೆ. ಆದರೆ ತಲೆನೋವು, ವಾಂತಿ, ಸುಸ್ತು ಮೂರೂ ಸೇರಿದ್ದವು. ಮಾರ್ಗದರ್ಶಿ ಚರ್ಚೆಗೆ ಎಡೆಯೇ ಕೊಡಲಿಲ್ಲ. ಒಬ್ಬ ಸಹಾಯಕನ ಜೊತೆ ಆಕೆಯನ್ನು ಕೆಳಗೆ ಕಳಿಸಿದ. ಆಕೆ ಅತ್ತಳು. ಜೋಬ್ರಾ ತಲುಪುವಷ್ಟರಲ್ಲಿ ತಲೆನೋವು ಮಾಯವಾಗಿ ಹಸಿವಾಯಿತಂತೆ.

ಎತ್ತರದ ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಭಾರತದ ಸೈನಿಕರ ದೇಹದಿಂದ ಬಂದದ್ದು. 1962ರ ಯುದ್ಧದ ಹೊತ್ತಿನಲ್ಲಿ ಬಯಲುಸೀಮೆಯಿಂದ ಸಾವಿರಾರು ಜನರನ್ನು ವಿಮಾನದಲ್ಲಿ ಒಯ್ದು ನೇರ ಹಿಮಾಲಯದ ಎತ್ತರಕ್ಕೆ ಇಳಿಸಬೇಕಾಯಿತು. ಗುಂಡು ತಾಗದೆಯೇ ಅನೇಕರು ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಪರ್ವತವೈದ್ಯದಲ್ಲಿ ಇಂದಿಗೂ ನೆನೆಯುತ್ತಾರೆ. ಎತ್ತರಕ್ಕೆ ಬಂದ ಮೇಲೆ ಮೂತ್ರ ಕಡಿಮೆಯಾಗಿ ದೇಹದಲ್ಲಿ ನೀರು ನಿಂತವರೇ ಕಾಯಿಲೆ ಬೀಳುತ್ತಾರೆ ಎಂಬುದನ್ನು ಎತ್ತಿ ಹೇಳಿದವರು ಅವರು. ಆ ಸೈನಿಕರಿಗೆ ನಿಧಾನವಾಗಿ ಹತ್ತುವ ಅವಕಾಶ ಇರಲಿಲ್ಲ. ನಮಗಿದೆ.

ತಲೆನೋವನ್ನು ಲೆಕ್ಕಿಸದೆ ಮೇಲೆ ಹೋದರೆ ಕಾದಿರುವ ಅಪಾಯ ಎರಡು. ಒಂದು ಮಿದುಳು ಬಾತುಕೊಳ್ಳುವುದು: ಮಾತು ತೊದಲುತ್ತದೆ, ನೆಟ್ಟಗೆ ಗೆರೆಯ ಮೇಲೆ ನಡೆಯಲಾಗುವುದಿಲ್ಲ. ಇನ್ನೊಂದು ಶ್ವಾಸಕೋಶದಲ್ಲಿ ನೀರು ತುಂಬುವುದು, ಇದರ ಹಿಂದಿನ ಕಾರಣ ಮನ ಕಲಕುವಂಥದ್ದು. ಶ್ವಾಸಕೋಶದ ಒಂದು ಮೂಲೆಗೆ ಗಾಳಿ ಬಾರದಿದ್ದರೆ ಆ ಮೂಲೆಯ ರಕ್ತನಾಳ ತಾನೇ ಸಂಕುಚಿಸಿ ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸುತ್ತದೆ. ಕೆಳಗೆ ಅದು ಜಾಣತನ. ಮೇಲೆ ಇಡೀ ಶ್ವಾಸಕೋಶವೇ ಆಮ್ಲಜನಕವಿಲ್ಲದ ಮೂಲೆಯಂತೆ ತೋರಿ ನಾಳಗಳು ಎಲ್ಲೆಡೆ ಬಿಗಿಯುತ್ತವೆ, ಒತ್ತಡ ಏರುತ್ತದೆ, ಬಿಗಿತ ಎಲ್ಲ ಕಡೆ ಸಮನಾಗಿರದೆ ಸಡಿಲಿದ್ದ ಕಡೆ ರಕ್ತ ನುಗ್ಗಿ ನೀರು ಒಸರುತ್ತದೆ. ಕೂತಲ್ಲೇ ಉಬ್ಬಸ, ಬಿಡದ ಕೆಮ್ಮು ಕಂಡರೆ ಬೆಳಗಾಗಲೆಂದು ಕಾಯಬಾರದು. ಎರಡಕ್ಕೂ ಮೊದಲ ಮದ್ದು ಇಳಿಯುವುದೇ. ಅಸೆಟಜೋಲಮೈಡ್ ಎಂಬ ಮಾತ್ರೆಯ ಹೆಸರು ಚಾರಣಿಗರ ಬಾಯಲ್ಲಿದೆ. ಅದು ಮಾಡುವುದು ಮೂತ್ರಪಿಂಡ ಹೇಗೂ ಮಾಡಲಿದ್ದ ಕೆಲಸಕ್ಕೆ ವೇಗ ಕೊಡುವುದನ್ನು. ವೈದ್ಯರನ್ನು ಕೇಳದೆ ನುಂಗಬಾರದು, ನುಂಗಿದೆನೆಂದು ಓಡಲೂಬಾರದು.

ಎತ್ತರಕ್ಕೆ ಹೋದರೆ ರಕ್ತ ಹೆಚ್ಚುತ್ತದೆ ಎನ್ನುವುದನ್ನೂ ಸ್ವಲ್ಪ ತಿದ್ದಬೇಕು. ಆಮ್ಲಜನಕ ಕಡಿಮೆಯಾದದ್ದನ್ನು ಜೀವಕೋಶಗಳು ಹೇಗೆ ಅರಿತು ಕೆಂಪುರಕ್ತಕಣಗಳ ತಯಾರಿಗೆ ಚಾಲನೆ ಕೊಡುತ್ತವೆ ಎಂದು ಬಿಡಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು. ಸೂಚನೆ ಕೆಲವೇ ಗಂಟೆಗಳಲ್ಲಿ ಹೊರಡುತ್ತದೆ ನಿಜ, ಕಣಗಳು ಗಣನೀಯವಾಗಿ ಹೆಚ್ಚಲು ವಾರಗಳು ಬೇಕು. ನಾಲ್ಕೈದು ದಿನದ ಚಾರಣದಲ್ಲಿ ರಕ್ತ ಗಟ್ಟಿಯಾಗಿ ಕಾಣುವುದು ಅದರ ನೀರಿನಂಶ ಇಳಿದದ್ದರಿಂದ. ನಮ್ಮನ್ನು ದಾಟಿಸುವುದು ಉಸಿರು ಮತ್ತು ಮೂತ್ರಪಿಂಡ, ಅವೆರಡೇ.

ಮೂರನೆಯ ದಿನ ಬೆಳಗಿನ ಜಾವ ಹೊರಟೆವು. ರಾಣಿ ನಾಲಾದ ನೀರಿನ ಸದ್ದು ಹಿಂದೆ ಸರಿಯಿತು. ಹಿಮದ ಮೇಲೆ ಹತ್ತು ಹೆಜ್ಜೆ, ನಿಂತು ಮೂರು ಉಸಿರು, ಮತ್ತೆ ಹತ್ತು ಹೆಜ್ಜೆ. ಕಪ್ಪು ಕನ್ನಡಕ ತೆಗೆಯಲು ಮಾರ್ಗದರ್ಶಿ ಬಿಡುತ್ತಿರಲಿಲ್ಲ: ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ತನ್ನ ಮೇಲೆ ಬಿದ್ದ ಕಿರಣದಲ್ಲಿ ಶೇಕಡ 80ರವರೆಗೆ ಕಣ್ಣಿಗೇ ವಾಪಸು ಎರಚುತ್ತದೆ.

ನೆತ್ತಿಯಲ್ಲಿ ನಿಂತಾಗ ಅಜ್ಜಿ ನೆನಪಾದರು. ಹಿಂದೆ ಕುಲ್ಲುವಿನ ಕಡೆ ಹಸಿರು ಹುಲ್ಲು, ಹೂವು, ಮೋಡ. ಮುಂದೆ ಲಾಹೌಲಿನ ಕಡೆ ಬೂದು, ಕಂದು, ಬರೀ ಕಲ್ಲು, ನೀಲಿ ಆಕಾಶ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗಿರುವ ಹಾಗೆ, ಇಲ್ಲೂ ತೇವದ ಗಾಳಿ ಮೇಲೇರಿ, ತಣಿದು, ಮಳೆಯಾಗಿ ಇಳಿದು, ಆಚೆ ಬದಿಗೆ ಒಣಗಿ ಹೋಗುತ್ತದೆ. ನಮ್ಮೂರಿನಲ್ಲಿ ಬಸ್ಸಿನಲ್ಲಿ ಕೂತು ಗಂಟೆಗಟ್ಟಲೆ ಹೋದರೆ ಕಾಣುವ ಬದಲಾವಣೆ ಇಲ್ಲಿ ತಲೆ ತಿರುಗಿಸಿದರೆ ಕಾಣುತ್ತದೆ. ಗದ್ದಿ ಕುರಿಗಾಹಿಗಳು ಬೇಸಿಗೆಯಲ್ಲಿ ಮಂದೆಯನ್ನು ಇದೇ ಹಾದಿಯಲ್ಲಿ ಲಾಹೌಲಿಗೆ ದಾಟಿಸುತ್ತ ಬಂದಿದ್ದಾರೆ. ಈಚೆ ಬಿದ್ದ ಹನಿ ಬಿಯಾಸ್ ಸೇರುತ್ತದೆ, ಆಚೆ ಬಿದ್ದದ್ದು ಚಂದ್ರಾ ಹಿಡಿದು ಚೆನಾಬ್. ಪಂಜಾಬಿನ ಬಯಲು ದಾಟಿ ಎರಡೂ ಸಿಂಧೂವಿನಲ್ಲಿ ಕೂಡಿ ಅರಬ್ಬಿ ಸಮುದ್ರಕ್ಕೇ ಬರುತ್ತವೆ, ದಾದರ್ ಚೌಪಾಟಿಯ ಮುಂದಿರುವ ಅದೇ ಸಮುದ್ರಕ್ಕೆ. ಬಾಟಲಿಯ ಮುಚ್ಚಳ ಬಿಗಿದದ್ದು ಆ ನೆತ್ತಿಯಲ್ಲೇ.

ಶಿಯಾ ಗೋರುವಿನಲ್ಲಿ ಅನ್ನ ಬೇಯಿಸಲು ಕುಕ್ಕರ್ ಬೇಕು. ಅಷ್ಟು ಎತ್ತರದಲ್ಲಿ ನೀರು 86, 87 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಗಟ್ಟಿಯೇ. ನಮ್ಮ ಕಡೆಯ ಕುಚ್ಚಲಕ್ಕಿಯನ್ನು ಅಲ್ಲಿ ಬೇಯಿಸುವುದನ್ನು ಊಹಿಸಲೂ ಆಗಲಿಲ್ಲ.

ಮನಾಲಿಗೆ ವಾಪಸಾದದ್ದು ಅಟಲ್ ಸುರಂಗದ ಮೂಲಕ. 2020ರ ಅಕ್ಟೋಬರಿನಲ್ಲಿ ತೆರೆದ, ಒಂಬತ್ತು ಕಿಲೋಮೀಟರಿನ ಈ ಸುರಂಗ ಲಾಹೌಲಿನ ಜನರಿಗೆ ದೊಡ್ಡ ವರ. ಮೊದಲು ಚಳಿಗಾಲವಿಡೀ ರೋಹತಾಂಗ್ ಘಟ್ಟದ ಹಿಮ ಅವರ ರಸ್ತೆಯನ್ನು ಮುಚ್ಚಿಬಿಡುತ್ತಿತ್ತು. ನನ್ನ ಆತಂಕ ಬೇರೆ. ಈಗ ಬೆಳಿಗ್ಗೆ ಮನಾಲಿಯಲ್ಲಿ ತಿಂಡಿ ತಿಂದವರು ಸಂಜೆಗೆ ಸುಮಾರು 4,250 ಮೀಟರ್ ಎತ್ತರದ ಚಂದ್ರತಾಲ ಸರೋವರದ ಬಳಿಯ ಡೇರೆಯಲ್ಲಿ ಮಲಗಬಹುದು. ಒಂದೇ ದಿನದಲ್ಲಿ ಎರಡು ಸಾವಿರ ಮೀಟರಿಗೂ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಿ ಎನ್ನುತ್ತಾರೆ ಪರ್ವತವೈದ್ಯರು. ನಡೆದು ಹೋಗುವವರಿಗೆ ಈ ನಿಯಮ ಬಹುಮಟ್ಟಿಗೆ ತಾನಾಗಿಯೇ ಪಾಲನೆಯಾಗುತ್ತದೆ. ಕಾರಿನವರು ಮನಸ್ಸಿಟ್ಟು ಪಾಲಿಸಬೇಕು. ಮುಂಬಯಿಯಿಂದ ಹೋಗುವ ನಮ್ಮಂಥವರು ಎಲ್ಲಕ್ಕಿಂತ ಮೊದಲು ಉಳಿಸಲು ನೋಡುವುದು ದಿನವನ್ನೇ.

ದಾದರಿನಲ್ಲಿ ಈಗ ನನ್ನ ಆಕ್ಸಿಮೀಟರ್ 98 ತೋರಿಸುತ್ತದೆ. ಮೂತ್ರಪಿಂಡ ಹೊರಹಾಕಿದ್ದ ಬೈಕಾರ್ಬೊನೇಟನ್ನು ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಂಡಿರಬೇಕು. ಮುಂದಿನ ಬೇಸಿಗೆಗೆ ಹೋಗುವುದಾದರೆ ಮತ್ತೆ ಮೊದಲಿನಿಂದ ಶುರು. ಮೊನ್ನೆ ಭಾನುವಾರ ಗೆಳತಿ ಮನೆಗೆ ಬಂದು, ಬಾಟಲಿಯನ್ನು ಕೈಗೆತ್ತಿಕೊಂಡು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಆಮೇಲೆ ಫೋನು ತೆಗೆದು ಕಚೇರಿಗೆ ಕಳಿಸಬೇಕಾದ ರಜೆ ಅರ್ಜಿ ತೋರಿಸಿದಳು. ಐದು ಎಂದಿದ್ದ ಕಡೆ ಒಂಬತ್ತು ದಿನ ಎಂದು ಬರೆದಿದ್ದಳು: ಮನಾಲಿಯಲ್ಲಿ ಎರಡು ರಾತ್ರಿ, ಚಿಕಾದಲ್ಲಿ ಎರಡು.